ಎರಡು ಹೋಳಿನ ಕೀಲಿಮಣೆ

ಹಳೆಯ ಬೆರಳಚ್ಚು ಯಂತ್ರದ ಮುಚ್ಚಳವನ್ನು ತೆಗೆದು ಅದರ ಒಡಲನ್ನು ನೋಡಿದವರಿಗೆ ಅದು ಕೆಲಸ ಮಾಡುವ ಬಗೆ ಕೂಡಲೇ ತಿಳಿದುಬಿಡುತ್ತದೆ. ಕೀಲಿಯನ್ನು ಒತ್ತಿದರೆ ಸನ್ನೆಯೊಂದು ಏಳುತ್ತದೆ. ಸನ್ನೆಯ ತುದಿಯ ಅಚ್ಚುಮೊಳೆ ಮಸಿಪಟ್ಟಿಯನ್ನು ತಾಗಿ ಕಾಗದದ ಮೇಲೆ ಅಕ್ಷರವನ್ನು ಮೂಡಿಸುತ್ತದೆ. ಗಣಕದ ಕೀಲಿಮಣೆಯನ್ನು ಬಿಚ್ಚಿ ನೋಡಿದವರಿಗೆ ಈ ತೃಪ್ತಿ ದೊರೆಯುವುದಿಲ್ಲ. ಅಲ್ಲಿ ಸನ್ನೆಗಳಿಲ್ಲ, ಅಚ್ಚುಮೊಳೆಗಳಿಲ್ಲ. ಅಕ್ಷರವಂತೂ ಎಲ್ಲಿಯೂ ಇಲ್ಲ. ಕೀಲಿಯ ತಲೆಯ ಮೇಲೆ ಬರೆದಿರುವ ಅಕ್ಷರ ನಮ್ಮ ಕಣ್ಣಿನ ಅನುಕೂಲಕ್ಕಾಗಿ ಮಾತ್ರ. ಕೀಲಿಗಳ ಕೆಳಗಿರುವುದು ತಂತಿಗಳ ಒಂದು ಬಲೆ, ಆ ಬಲೆಯ ಮೂಲೆಯಲ್ಲಿ ಉಗುರಿನಗಲದ ಒಂದು ಕರಿಯ ಚಿಪ್ಪು.

ಆ ಚಿಪ್ಪೇ ಒಂದು ಪುಟ್ಟ ಗಣಕ. ಯಾವ ಕೀಲಿ ಒತ್ತಲ್ಪಟ್ಟಿದೆ ಎಂಬುದನ್ನು ಕಂಡುಹಿಡಿದು ದೊಡ್ಡ ಗಣಕಕ್ಕೆ ವರದಿ ಮಾಡುವುದು ಅದರ ಉದ್ಯೋಗ. ಈ ಉದ್ಯೋಗವನ್ನು ಹೇಗೆ ನಡೆಸಬೇಕೆಂಬ ಆಜ್ಞೆಗಳ ಸರಣಿಯನ್ನು ಅದರ ಸ್ಮೃತಿಯಲ್ಲಿ ಬರೆದಿಟ್ಟಿರುತ್ತಾರೆ. ವಿದ್ಯುತ್ತನ್ನು ಕಡಿದರೂ ಅದು ಅಳಿಯದು. ಇಂಥ ಆಜ್ಞಾಸರಣಿಗೆ 'ಫರ್ಮ್‌ವೇರ್' ಎಂದು ಹೆಸರು.

ಬಹುಮಟ್ಟಿನ ಕೀಲಿಮಣೆಗಳಲ್ಲಿ ಈ ಫರ್ಮ್‌ವೇರ್ ಮುಚ್ಚಿದ ಪೆಟ್ಟಿಗೆಯಂತಿರುತ್ತದೆ. ತಯಾರಿಸಿದವರು ಇಟ್ಟಂತೆ ಅದು ಇರಬೇಕು. ಕೊಂಡವನು ಅದನ್ನು ಓದಲಾರ, ತಿದ್ದಲಾರ. ನನ್ನ ಪರಿಚಿತರೊಬ್ಬರಿಗೆ ಬಲಗೈಯ ಕಿರುಬೆರಳು ಮುರಿದು, ಗುಣವಾದ ಮೇಲೂ ಸರಿಯಾಗಿ ಮಡಿಸಲು ಬಾರದೆ ಹೋಯಿತು. ಅವರ ಕೀಲಿಮಣೆಯೋ ಬೆಲೆಬಾಳುವಂಥದು, ಗಟ್ಟಿಯಾದುದು. ಆದರೆ ಅಳಿಸುವ ಕೀಲಿ, ಸಾಲು ಮುಗಿಸುವ ಕೀಲಿ, ಷಿಫ್ಟ್ ಕೀಲಿ ಮೂರೂ ಬಲಗೈಯ ಕಿರುಬೆರಳಿನ ಪಾಲಿಗೆ ಬಂದಿದ್ದುವು. ದೊಡ್ಡ ಗಣಕದಲ್ಲಿಯೇ ಕೀಲಿಗಳನ್ನು ಅದಲುಬದಲು ಮಾಡುವ ಉಪಾಯಗಳುಂಟು, ನಿಜ. ಆದರೆ ಆ ವ್ಯವಸ್ಥೆ ಆ ಒಂದು ಗಣಕಕ್ಕೇ ಅಂಟಿಕೊಂಡಿರುತ್ತದೆ. ಕಚೇರಿಯ ಗಣಕದಲ್ಲಿ ಅದಕ್ಕೆ ಅಪ್ಪಣೆಯಿಲ್ಲ. ಬದಲಾವಣೆ ಕೀಲಿಮಣೆಯೊಳಗೇ ಆದರೆ ಅದು ಮಣೆಯೊಡನೆ ಹೋದಲ್ಲೆಲ್ಲ ಬರುತ್ತದೆ. ಅವರು ಎರಡು ಹೋಳಿನ ಕೀಲಿಮಣೆಗೂ ಮುಕ್ತ ಫರ್ಮ್‌ವೇರಿಗೂ ಮನಸ್ಸು ಮಾಡಿದ್ದು ಈ ಕಾರಣದಿಂದ. ನಾನು ಈ ವಿಷಯಕ್ಕೆ ಕೈಹಾಕಿದ್ದೂ ಅವರಿಗೆ ನೆರವಾಗಲೆಂದೇ.

ಕೀಲಿಮಣೆಯನ್ನು ಹೋಳು ಮಾಡುವುದೇಕೆ? ವಾಚಕರು ತಮ್ಮ ಎರಡು ಕೈಗಳನ್ನೂ ಮೇಜಿನ ಮೇಲೆ ಹತ್ತಿರ ಹತ್ತಿರ ಇಟ್ಟು, ಕೀಲಿಮಣೆಯ ಮೇಲಿರುವಂತೆ ಬೆರಳುಗಳನ್ನು ಮುಂದಕ್ಕೆ ಚಾಚಿ ನೋಡಬಹುದು. ಮೊಣಕೈಗಳು ದೂರ, ಅಂಗೈಗಳು ಹತ್ತಿರ. ಆದುದರಿಂದ ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗಲೇಬೇಕು. ಕೈಗಳನ್ನು ಭುಜದ ಅಗಲಕ್ಕೆ ಸರಿಸಿದರೆ ಬಾಗು ತಾನಾಗಿ ಮಾಯವಾಗುತ್ತದೆ. ಇದು ಇಂದಿನ ಶೋಧವೇನಲ್ಲ. ಜರ್ಮನಿಯ ಕ್ಲಾಕೆನ್‌ಬರ್ಗ್ 1926ರಲ್ಲಿಯೇ ಬೆರಳಚ್ಚು ಯಂತ್ರದ ಮಣೆಯನ್ನು ಎರಡಾಗಿ ಸೀಳಬೇಕೆಂದು ಬರೆದಿದ್ದನು. 1972ರಲ್ಲಿ ಕ್ರೋಮರ್ ಎಂಬ ವಿಜ್ಞಾನಿ ಅಂಥ ಮಣೆಯನ್ನು ಪ್ರಯೋಗಕ್ಕೊಡ್ಡಿ ಪ್ರಬಂಧ ಪ್ರಕಟಿಸಿದನು. ಆದರೂ ನಾವು ಅಮೆರಿಕದ ಷೋಲ್ಸ್ ಮತ್ತು ಅವನ ಸಂಗಡಿಗರ ಯಂತ್ರದಿಂದ ಇಳಿದುಬಂದ ಮಣೆಯನ್ನೇ ಬಳಸುತ್ತಿದ್ದೇವೆ. ರೆಮಿಂಗ್ಟನ್ ಕಂಪನಿ ಅದನ್ನು 1874ರಲ್ಲಿ ಮಾರುಕಟ್ಟೆಗೆ ತಂದಿತು. ಸನ್ನೆಗಳು ಒಂದಕ್ಕೊಂದು ತಾಗದಂತೆ ಅದರ ಸಾಲುಗಳನ್ನು ಓರೆಯಾಗಿ ಸರಿಸಬೇಕಾಗಿತ್ತು. ಸನ್ನೆಗಳು ಹೋಗಿ ಎಷ್ಟೋ ಕಾಲವಾಯಿತು. ಓರೆ ಮಾತ್ರ ಉಳಿದುಕೊಂಡಿದೆ!

2011ರ ಸುಮಾರಿನಲ್ಲಿ 'ಡಾಕ್ಸ್' ಎಂಬ ಅಡ್ಡಹೆಸರಿನ ವಿನ್ಯಾಸಕನು ಹವ್ಯಾಸಿಗಳ ನೆರವಿನೊಡನೆ 'ಎರ್ಗೋಡಾಕ್ಸ್' ಎಂಬ ಎರಡು ಹೋಳಿನ ಮಣೆಯನ್ನು ರಚಿಸಿ ಅದರ ನಕ್ಷೆಗಳನ್ನು ಎಲ್ಲರಿಗೂ ತೆರೆದಿಟ್ಟನು. ಒಂದೊಂದು ಹೋಳಿನಲ್ಲಿ 38ರಂತೆ ಒಟ್ಟು 76 ಕೀಲಿಗಳು. ಬೆರಳುಗಳ ಉದ್ದಕ್ಕೆ ತಕ್ಕಂತೆ ಕಂಬಸಾಲುಗಳು ಮೇಲೆ ಕೆಳಗೆ ಸರಿದಿವೆ. ಸಾಮಾನ್ಯ ಮಣೆಯಲ್ಲಿ ಹೆಬ್ಬೆರಳುಗಳೆರಡಕ್ಕೂ ಸೇರಿ ಇರುವ ಕೆಲಸ ಒಂದೇ, ಪದಗಳ ನಡುವೆ ತೆರಪು ಬಿಡುವುದು. ಇಲ್ಲಿ ಒಂದೊಂದು ಹೆಬ್ಬೆರಳಿಗೂ ಆರಾರು ಕೀಲಿಗಳುಂಟು. ಪ್ರತಿಯೊಂದು ಕೀಲಿಯ ಕೆಳಗೂ ಸ್ಪ್ರಿಂಗ್ ಮತ್ತು ಲೋಹದ ಸ್ಪರ್ಶಕಗಳುಳ್ಳ ಪ್ರತ್ಯೇಕವಾದ ಸ್ವಿಚ್ಚು. ಇದರಿಂದಲೇ ಇಂಥವಕ್ಕೆ ಯಾಂತ್ರಿಕ ಕೀಲಿಮಣೆ ಎಂದು ಹೆಸರು. ಕೀಲಿ ಒಟ್ಟು 4 ಮಿಲಿಮೀಟರಿನಷ್ಟು ಇಳಿಯುತ್ತದೆ. ಸುಮಾರು ಅರ್ಧ ದಾರಿಯಲ್ಲಿ ಸ್ಪರ್ಶಕಗಳು ಕೂಡಿ ವಿದ್ಯುನ್ಮಂಡಲ ಪೂರ್ಣವಾಗುತ್ತದೆ.

ಈಗ ಚಿಪ್ಪಿನ ಕಷ್ಟವನ್ನು ನೋಡೋಣ. ಕೀಲಿಗಳು 76, ಎರ್ಗೋಡಾಕ್ಸಿನಲ್ಲಿ ಬಳಸುವ ಎಟಿಮೆಗಾ 32ಯು4 ಎಂಬ ಚಿಪ್ಪಿಗೆ ಈ ಕೆಲಸಕ್ಕೆ ಒದಗುವ ಕಾಲುಗಳು ಸುಮಾರು 25. ಕೀಲಿಗೊಂದು ತಂತಿ ಎಳೆಯುವಂತಿಲ್ಲ. ಆದುದರಿಂದ ಒಂದು ಹೋಳಿನ ಕೀಲಿಗಳನ್ನು 7 ಅಡ್ಡತಂತಿ, 6 ಕಂಬತಂತಿಗಳ ಬಲೆಯಾಗಿ ಹೆಣೆಯುತ್ತಾರೆ. ತಂತಿಗಳು 13 ಆದರೂ ಅವು ಸಂಧಿಸುವ ಎಡೆಗಳು 42. ಅವುಗಳಲ್ಲಿ 38ರಲ್ಲಿ ಕೀಲಿಗಳು, ನಾಲ್ಕು ಖಾಲಿ. ಚಿಪ್ಪು ಒಂದು ಅಡ್ಡತಂತಿಯನ್ನು ಆಯ್ದು ಅದರ ವಿದ್ಯುತ್ ಮಟ್ಟವನ್ನು ತಗ್ಗಿಸುತ್ತದೆ; ಬಳಿಕ ಆರು ಕಂಬತಂತಿಗಳಲ್ಲಿ ಯಾವುದರ ಮಟ್ಟ ತಗ್ಗಿದೆ ಎಂದು ನೋಡುತ್ತದೆ. ತಗ್ಗಿದ್ದರೆ ಆ ಸಂಧಿಯ ಕೀಲಿ ಒತ್ತಲ್ಪಟ್ಟಿದೆ ಎಂದರ್ಥ. ಅನಂತರ ಎರಡನೆಯ ತಂತಿ, ಮೂರನೆಯದು. ಏಳೂ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಇರುಳೆಲ್ಲ ಬೀದಿ ಸುತ್ತಿ ಬಾಗಿಲುಗಳನ್ನು ತಟ್ಟಿ ನೋಡುವ ಕಾವಲುಗಾರನಂತೆ ಚಿಪ್ಪು ಈ ಸುತ್ತನ್ನು ಎಡೆಬಿಡದೆ ಸುತ್ತುತ್ತಿರುತ್ತದೆ.

ಇದರಲ್ಲಿ ಒಂದು ಮೋಸವುಂಟು. ಬಲೆಯಲ್ಲಿ ಒಂದು ಆಯತದ ಮೂರು ಮೂಲೆಗಳ ಕೀಲಿಗಳನ್ನು ಏಕಕಾಲದಲ್ಲಿ ಒತ್ತಿದರೆ ವಿದ್ಯುತ್ತು ಅವುಗಳ ಮೂಲಕ ಸುತ್ತುಬಳಸಿ ಹರಿದು, ಒತ್ತದ ನಾಲ್ಕನೆಯ ಮೂಲೆಯನ್ನೂ ಒತ್ತಿದಂತೆ ತೋರಿಸುತ್ತದೆ. ಇದನ್ನು ತಡೆಯಲು ಪ್ರತಿ ಕೀಲಿಗೂ ಒಂದು ಡಯೋಡನ್ನು ಬೆಸೆಯುತ್ತಾರೆ. ಡಯೋಡು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಬಳಸುದಾರಿ ಮುಚ್ಚಿಹೋಗುತ್ತದೆ. ಡಯೋಡಿನ ಮುಖ ಯಾವ ಕಡೆಗೆ ಎಂಬುದು ಮುಂದೆ ನಮಗೆ ಮುಖ್ಯವಾಗುತ್ತದೆ.

ಇನ್ನೊಂದು ತೊಡಕು ಲೋಹದ ಸ್ವಭಾವದಿಂದ ಬರುತ್ತದೆ. ಎರಡು ಸ್ಪರ್ಶಕಗಳು ಕೂಡುವಾಗ ಒಮ್ಮೆಗೇ ಕೂಡಿ ನಿಲ್ಲುವುದಿಲ್ಲ. ನೆಲಕ್ಕೆ ಬಿದ್ದ ಚೆಂಡಿನಂತೆ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತವೆ. ಚಿಪ್ಪು ಇದನ್ನು ನಂಬಿದರೆ ಒಂದು ಸಲ ಒತ್ತಿದ ಕೀಲಿಗೆ ಮೂರು ಅಕ್ಷರ ಬೀಳುತ್ತದೆ. ಆದುದರಿಂದ ಬದಲಾವಣೆ ಕಂಡೊಡನೆ ನಂಬದೆ, ಸಾಮಾನ್ಯವಾಗಿ 5 ಮಿಲಿಸೆಕೆಂಡು ತಡೆದು, ಸ್ಥಿತಿ ನೆಲೆಗೊಂಡ ಮೇಲೆ ಅದನ್ನು ಒಪ್ಪಿಕೊಳ್ಳುತ್ತದೆ.

ಕೊನೆಗೆ ದೊಡ್ಡ ಗಣಕಕ್ಕೆ ಹೋಗುವ ವರದಿ. ಅದರ ಸರಳವಾದ ರೂಪದಲ್ಲಿ ಎಂಟು ಬೈಟುಗಳಿರುತ್ತವೆ: ಒಂದು ಷಿಫ್ಟ್ ಮೊದಲಾದ ಸಹಾಯಕ ಕೀಲಿಗಳಿಗೆ, ಒಂದು ಖಾಲಿ, ಉಳಿದ ಆರು ಏಕಕಾಲದಲ್ಲಿ ಒತ್ತಿದ ಆರು ಕೀಲಿಗಳಿಗೆ. ಪ್ರತಿ ಕೀಲಿಗೂ ಒಂದು ಅಂಕಿ ಗೊತ್ತಾಗಿದೆ. ಇಂಗ್ಲಿಷಿನ ಎ ಕೀಲಿಗೆ 4, ಬಿಗೆ 5, ಹೀಗೆ ಝಡ್‌ಗೆ 29. ಆ ಅಂಕಿ ಯಾವ ಅಕ್ಷರವಾಗಬೇಕೆಂದು ನಿರ್ಣಯಿಸುವುದು ದೊಡ್ಡ ಗಣಕವೇ. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ವಿನ್ಯಾಸವನ್ನು ಗಣಕದಲ್ಲಿ ಆಯ್ದುಕೊಂಡಿದ್ದೇವೆ ಎನ್ನೋಣ. ಆಗ 14, 17, 9, 17, 26 ಎಂಬ ಅಂಕಿಗಳು ಕ್ರಮವಾಗಿ ಹೋದರೆ ತೆರೆಯ ಮೇಲೆ 'ಕನ್ನಡ' ಎಂದು ಮೂಡುತ್ತದೆ. ಇಂಗ್ಲಿಷ್ ವಿನ್ಯಾಸವಿದ್ದರೆ ಅವೇ ಅಂಕಿಗಳು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಅರ್ಥವಿಲ್ಲದ ಸಾಲಾಗುತ್ತವೆ. ಕೀಲಿಮಣೆಗೆ ಭಾಷೆ ತಿಳಿಯದು.

ಇಷ್ಟನ್ನು ಅರಿತ ಮೇಲೆ ಕಸಿಯ ಮಾತಿಗೆ ಬರಬಹುದು. ಒಂದು ಯಂತ್ರಕ್ಕಾಗಿ ಬರೆದ ಆಜ್ಞಾಸರಣಿಯನ್ನು ಮತ್ತೊಂದು ಯಂತ್ರಕ್ಕೆ ಒಗ್ಗಿಸುವುದಕ್ಕೆ ಇಂಗ್ಲಿಷಿನಲ್ಲಿ 'ಪೋರ್ಟಿಂಗ್' ಎನ್ನುತ್ತಾರೆ. ತೋಟಗಾರನು ಕಾಡುಮಾವಿನ ಬುಡಕ್ಕೆ ಒಳ್ಳೆಯ ಜಾತಿಯ ಕುಡಿಯನ್ನು ಕಟ್ಟುವ ಕೆಲಸಕ್ಕೆ ಇದು ಹತ್ತಿರವಾದುದರಿಂದ ನಾವು ಇದನ್ನು ಕಸಿ ಎನ್ನೋಣ. ಇಲ್ಲಿ ಕುಡಿ ಯಾವುದು? ಜಪಾನಿನ ಜುನ್ ವಾಕೊ ಎಂಬವರು ಕೀಲಿಮಣೆಗಳಿಗಾಗಿ 'ಟಿಎಂಕೆ' ಎಂಬ ಮುಕ್ತ ಫರ್ಮ್‌ವೇರನ್ನು ಬರೆದರು. ಅದರಿಂದ ಕವಲೊಡೆದು ಜಾಕ್ ಹಂಬರ್ಟ್ ಎಂಬವರ ಕೈಯಲ್ಲಿ ಬೆಳೆದುದು 'ಕ್ಯುಎಂಕೆ'. ಅದರ ವಿಸ್ತಾರ 'ಕ್ವಾಂಟಮ್ ಮೆಕ್ಯಾನಿಕಲ್ ಕೀಬೋರ್ಡ್'. ಭೌತವಿಜ್ಞಾನದ ವಿದ್ಯಾರ್ಥಿಗಳು ಮೋಸಹೋಗಬಾರದು, ಇದು ಬರಿಯ ಶ್ಲೇಷೆ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಿದ್ದನ್ನು ಇತರರಿಗೆ ಹಂಚುವಾಗ ತಿದ್ದಿದ ಮೂಲಪಾಠವನ್ನೂ ಅದೇ ಷರತ್ತಿನ ಮೇಲೆ ಒದಗಿಸಬೇಕು.

ಮೇಲೆ ಹೇಳಿದ ಕೆಲಸಗಳನ್ನು ವಾಚಕರು ಇನ್ನೊಮ್ಮೆ ನೆನೆದರೆ ಒಂದು ಸಂಗತಿ ಹೊಳೆಯುತ್ತದೆ. ಪುಟಿತವನ್ನು ನಿವಾರಿಸುವುದು, ಸ್ಥಾನಕ್ಕೆ ಅಂಕಿ ಕೊಡುವುದು, ಎಂಟು ಬೈಟಿನ ವರದಿ ಕಟ್ಟುವುದು, ಇವೆಲ್ಲ ಎಲ್ಲ ಕೀಲಿಮಣೆಗಳಿಗೂ ಸಮಾನ. ಮಣೆಯಿಂದ ಮಣೆಗೆ ಬೇರೆಯಾಗುವುದು ತಂತಿಗಳ ಸಮಾಚಾರ ಮಾತ್ರ. ಆದುದರಿಂದ ಕಸಿ ಕಟ್ಟುವವನು ಬರೆಯಬೇಕಾದುದು ಬಹುಪಾಲು ಒಂದು ವಿವರಪಟ್ಟಿ: ಚಿಪ್ಪು ಯಾವುದು; ಅಡ್ಡತಂತಿಗಳು ಅದರ ಯಾವ ಯಾವ ಕಾಲುಗಳಿಗೆ ಬಂದಿವೆ; ಕಂಬತಂತಿಗಳು ಯಾವ ಕಾಲುಗಳಿಗೆ; ಡಯೋಡುಗಳ ಮುಖ ಎತ್ತ; ಬಲೆಯ ಯಾವ ಸಂಧಿ ಮಣೆಯ ಯಾವ ಸ್ಥಾನ. ನಕ್ಷೆ ದೊರೆಯದ ಮಣೆಯಾದರೆ ಮಲ್ಟಿಮೀಟರಿನ ಒಂದು ಮುಳ್ಳನ್ನು ಚಿಪ್ಪಿನ ಕಾಲಿಗೂ ಮತ್ತೊಂದನ್ನು ಸ್ವಿಚ್ಚಿನ ಕಾಲಿಗೂ ಮುಟ್ಟಿಸಿ, 'ಕುಂಯ್' ಎಂದಲ್ಲೆಲ್ಲ ಗುರುತು ಹಾಕಿಕೊಳ್ಳಬೇಕು. ಎರಡು ಸಂಜೆಗಳ ಕೆಲಸ. ಬುದ್ಧಿಗಿಂತ ತಾಳ್ಮೆಯೇ ಹೆಚ್ಚು ಬೇಕು. ನಾನು ಮೊದಲು ಕಟ್ಟಿದ ಕಸಿಯಲ್ಲಿ ಒಂದು ಕೀಲಿಯೂ ಕೆಲಸ ಮಾಡಲಿಲ್ಲ. ಬೆಸುಗೆಯನ್ನೆಲ್ಲ ಮತ್ತೆ ಪರೀಕ್ಷಿಸಿ, ಚಿಪ್ಪನ್ನೇ ಸಂದೇಹಿಸಿ, ಒಂದು ದಿನ ಕಳೆದ ಮೇಲೆ ತಿಳಿಯಿತು: ಡಯೋಡಿನ ದಿಕ್ಕನ್ನು ಪಟ್ಟಿಯಲ್ಲಿ ತಿರುಗುಮುರುಗಾಗಿ ಬರೆದಿದ್ದೆ. ಒಂದು ಪದವನ್ನು ತಿದ್ದಿದೊಡನೆ ಎಲ್ಲ ಕೀಲಿಗಳೂ ಮಾತನಾಡಿದುವು.

ಆದರೆ ಪಟ್ಟಿಯಿಂದಲೇ ಎಲ್ಲವೂ ಮುಗಿಯುವುದು ಒಂದೇ ಹೋಳಿನ ಮಣೆಯಲ್ಲಿ. ಸಾಮಾನ್ಯ ಸುತ್ತುಪಾಠವು ಎಲ್ಲ ತಂತಿಗಳೂ ತನ್ನ ಚಿಪ್ಪಿನ ಕಾಲಿಗೇ ಬಂದಿವೆಯೆಂದು ಭಾವಿಸುತ್ತದೆ. ಎರ್ಗೋಡಾಕ್ಸಿನಲ್ಲಿ ಹಾಗಿಲ್ಲ. ಎಟಿಮೆಗಾ ಚಿಪ್ಪು ಬಲ ಹೋಳಿನಲ್ಲಿದೆ. ಎಡ ಹೋಳಿನ 13 ತಂತಿಗಳು ಅಲ್ಲಿಯೇ ಇರುವ ಎಂಸಿಪಿ 23018 ಎಂಬ ಬೇರೆ ಚಿಪ್ಪಿನಲ್ಲಿ ಕೊನೆಗೊಳ್ಳುತ್ತವೆ. ಈ ಎರಡನೆಯದಕ್ಕೆ ಸ್ವಂತ ಬುದ್ಧಿಯಿಲ್ಲ; 16 ಕಾಲುಗಳನ್ನು ದೂರದಿಂದ ಬಂದ ಆಜ್ಞೆಯಂತೆ ಆಡಿಸುವುದಷ್ಟೇ ಅದಕ್ಕೆ ಗೊತ್ತು. ಅದರಲ್ಲಿಯೂ ತಂತಿಯ ಮಟ್ಟವನ್ನು ಅದು ತಗ್ಗಿಸಬಲ್ಲದೇ ಹೊರತು ತಾನಾಗಿ ಎತ್ತಿಹಿಡಿಯಲಾರದು. ಎರಡು ಹೋಳುಗಳ ನಡುವೆ ನಾಲ್ಕೆಳೆಯ ಒಂದು ಕೇಬಲು: ಒಂದು ವಿದ್ಯುತ್ತಿಗೆ, ಒಂದು ಭೂಸಂಪರ್ಕಕ್ಕೆ, ಉಳಿದೆರಡು ಮಾತಿಗೆ. ಮಾತಿನ ಎರಡು ಎಳೆಗಳಲ್ಲಿ ಒಂದು ತಾಳ ಹಾಕುತ್ತದೆ, ಇನ್ನೊಂದು ಆ ತಾಳಕ್ಕೆ ಸರಿಯಾಗಿ ಒಂದೊಂದೇ ಬಿಟ್ಟನ್ನು ಸಾಗಿಸುತ್ತದೆ. ಈ ಪದ್ಧತಿಗೆ 'ಐ-ಸ್ಕ್ವೇರ್ಡ್-ಸಿ' ಎಂದು ಹೆಸರು.

ಕಸಿಯ ನಿಜವಾದ ಬೆಸುಗೆ ಇರುವುದು ಇಲ್ಲಿಯೇ. ಬಲಗಡೆಯ ಏಳು ತಂತಿಗಳಿಗೆ ಬಂದಾಗ ಚಿಪ್ಪು ತನ್ನ ಕಾಲುಗಳನ್ನು ತಾನೇ ನೋಡಬೇಕು. ಎಡಗಡೆಯ ಏಳಕ್ಕೆ ಬಂದಾಗ ಕೇಬಲಿನ ಮೂಲಕ ಕೇಳಿ ತಿಳಿಯಬೇಕು. ಈ ಸುತ್ತುಪಾಠವನ್ನು ಕಸಿಗಾರನು ಸ್ವತಃ ಬರೆಯುತ್ತಾನೆ. ಆದರೆ ಅದರ ಫಲವನ್ನು ಬರೆದಿಡುವುದು ಮಾತ್ರ ಮೊದಲಿನಂಥದೇ ಒಂದು ಕೋಷ್ಟಕದಲ್ಲಿ: 14 ಅಡ್ಡಸಾಲು, 6 ಕಂಬಸಾಲು. ಮುಂದಿನ ಪಾಠಗಳೆಲ್ಲ ಆ ಕೋಷ್ಟಕವನ್ನಷ್ಟೇ ಓದುತ್ತವೆ. ಮಣೆ ಎರಡು ಹೋಳಾಗಿದೆಯೆಂಬ ಸುದ್ದಿಯೇ ಅವಕ್ಕೆ ತಲುಪುವುದಿಲ್ಲ!

ಕೇಳಿ ತಿಳಿಯುವುದಕ್ಕೆ ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ ನೋಡೋಣ. ಒಂದು ತಂತಿಯನ್ನು ಆಯಲು ಮೂರು ಬೈಟು: ಚಿಪ್ಪಿನ ವಿಳಾಸ, ಯಾವ ಕೋಶ, ಯಾವ ಬೆಲೆ. ಫಲವನ್ನು ಓದಲು ನಾಲ್ಕು. ಪ್ರತಿ ಬೈಟಿನ 8 ಬಿಟ್ಟುಗಳ ಹಿಂದೆ 'ತಲುಪಿತು' ಎಂಬ ಒಂದು ಒಪ್ಪಿಗೆ, ಅಂದರೆ 9 ತಾಳ. ಏಳು ಬೈಟಿಗೆ 63 ತಾಳ. ಏಳು ತಂತಿಗಳಿಗೆ 441. ಸೆಕೆಂಡಿಗೆ 4 ಲಕ್ಷ ತಾಳದ ವೇಗದಲ್ಲಿ ಇದಕ್ಕೆ ಸುಮಾರು 1.1 ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 60 ಇಂಗ್ಲಿಷ್ ಪದಗಳನ್ನು ಬೆರಳಚ್ಚಿಸುವವನು ಸುಮಾರು 200 ಮಿಲಿಸೆಕೆಂಡಿಗೊಂದು ಕೀಲಿಯನ್ನು ಒತ್ತುತ್ತಾನೆ. ಎಡ ಹೋಳಿನ ಷಿಫ್ಟನ್ನು ಹಿಡಿದು ಬಲ ಹೋಳಿನ ಅಕ್ಷರವನ್ನು ಒತ್ತಿದರೆ ಸುದ್ದಿ ತಡವಾಗಿ ಬಂದು ಕೆಡುವ ಭಯವಿಲ್ಲ.

ಭಯವಿರುವುದು ಕೇಬಲು ಕಳಚಿದಾಗ. ಎಡಗೈಯಲ್ಲಿ ಅಳಿಸುವ ಕೀಲಿಯನ್ನು ಒತ್ತಿರುವಾಗಲೇ ಕೇಬಲು ಸಡಿಲವಾಯಿತೆಂದು ಭಾವಿಸೋಣ. ಚಿಪ್ಪು ಕೊನೆಯ ಸುದ್ದಿಯನ್ನೇ ನಂಬಿ ಕುಳಿತರೆ ಕೀಲಿ ಒತ್ತಿಯೇ ಇದೆಯೆಂದು ವರದಿ ಮುಂದುವರಿಯುತ್ತದೆ; ನೋಡುತ್ತಿದ್ದಂತೆ ಪುಟಗಳೇ ಅಳಿಸಿಹೋಗುತ್ತವೆ. ಆದುದರಿಂದ ಕ್ಯುಎಂಕೆಯ ಎರ್ಗೋಡಾಕ್ಸ್ ಪಾಠದಲ್ಲಿ ಉತ್ತರ ಬಾರದಿದ್ದರೆ ಎಡಗಡೆಯ ಕೀಲಿಗಳಾವುವೂ ಒತ್ತಿಲ್ಲವೆಂದೇ ತಿಳಿಯಬೇಕೆಂದು ವಿಧಿಸಿದ್ದಾರೆ. ಹಾಗೆಂದು ಪ್ರತಿ ಸುತ್ತಿನಲ್ಲಿಯೂ ಇಲ್ಲದ ಹೋಳನ್ನು ಕೂಗುತ್ತಿದ್ದರೆ ಇರುವ ಹೋಳಿನ ಕೆಲಸ ಕುಂಟುತ್ತದೆ. ಆದುದರಿಂದ ಸುಮಾರು 250 ಸುತ್ತುಗಳಿಗೊಮ್ಮೆ ಮಾತ್ರ ಅದನ್ನು ಮತ್ತೆ ಕರೆದು ನೋಡುತ್ತದೆ. ಇಡೀ ಕಸಿಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಭಾಗವಿದು.

ಈಚಿನ ಎರಡು ಹೋಳಿನ ಮಣೆಗಳಲ್ಲಿ ಹೋಳಿಗೊಂದು ಪೂರ್ಣ ಚಿಪ್ಪನ್ನೇ ಇಡುತ್ತಾರೆ. 2021ರಲ್ಲಿ ಬಂದ ಆರ್‌ಪಿ 2040ರಂಥ ಅಗ್ಗದ ಚಿಪ್ಪುಗಳು ಇದನ್ನು ಸುಲಭಗೊಳಿಸಿವೆ. ಆಗ ಪ್ರತಿ ಹೋಳೂ ತನ್ನ ಸುತ್ತನ್ನು ತಾನೇ ಸುತ್ತಿ ಫಲವನ್ನಷ್ಟೇ ಕಳುಹಿಸುತ್ತದೆ. ಎರಡಕ್ಕೂ ತುಂಬುವ ಫರ್ಮ್‌ವೇರ್ ಒಂದೇ. ಯಾವುದಕ್ಕೆ ದೊಡ್ಡ ಗಣಕದ ಕೇಬಲು ಸಿಕ್ಕಿತೋ ಅದು ಯಜಮಾನ. ಆದರೆ 'ನಾನು ಎಡವೋ ಬಲವೋ' ಎಂಬುದು ಚಿಪ್ಪಿಗೆ ಹೇಗೆ ತಿಳಿಯಬೇಕು? ಬೇರೆ ಏನನ್ನೂ ಹೇಳದಿದ್ದರೆ ಯಜಮಾನನು ತಾನು ಎಡ ಹೋಳೆಂದೇ ಭಾವಿಸುತ್ತಾನೆ. ಒಂದು ದಿನ ನಾನು ಮರೆತು ಗಣಕದ ಕೇಬಲನ್ನು ಬಲ ಹೋಳಿಗೆ ಸಿಕ್ಕಿಸಿದೆ. ಬಲಗೈ ಒತ್ತಿದ್ದಕ್ಕೆಲ್ಲ ಎಡಗೈಯ ಅಕ್ಷರ, ಎಡಗೈಯದಕ್ಕೆ ಬಲಗೈಯ ಅಕ್ಷರ! ಇದಕ್ಕೆ ಪರಿಹಾರವುಂಟು. ಒಂದು ಕಾಲನ್ನು ಒಂದು ಹೋಳಿನಲ್ಲಿ ವಿದ್ಯುತ್ತಿಗೂ ಮತ್ತೊಂದರಲ್ಲಿ ಭೂಸಂಪರ್ಕಕ್ಕೂ ಕಟ್ಟಿ ಗುರುತಿಡಬಹುದು. ಇಲ್ಲವೇ ಪ್ರತಿ ಹೋಳಿನ ಸ್ಮೃತಿಯಲ್ಲಿ ಅದರ ಪಕ್ಷವನ್ನು ಒಮ್ಮೆ ಬರೆದಿಡಬಹುದು.

ಈ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಎರಡು ವಿಷಯಗಳಲ್ಲಿ ಎಚ್ಚರವಾಗಿರಬೇಕು. ಕೊಂಡ ಮಣೆಯ ಚಿಪ್ಪಿನಲ್ಲಿ ತಯಾರಕರು ಓದುವಿಕೆಗೆ ಬೀಗ ಹಾಕಿದ್ದರೆ ಹಳೆಯ ಫರ್ಮ್‌ವೇರಿನ ಪ್ರತಿಯನ್ನು ತೆಗೆದಿಟ್ಟುಕೊಳ್ಳಲು ಬಾರದು. ಒಮ್ಮೆ ಅಳಿಸಿದರೆ ಅದು ಹೋಯಿತೆಂದೇ ಲೆಕ್ಕ. ಎರಡನೆಯದು, ಹೋಳುಗಳ ನಡುವಿನ ಕೇಬಲಿನ ತುದಿ ಸಾಮಾನ್ಯವಾಗಿ ಕಿವಿಯ ಫೋನಿನದರಂತೆ ದುಂಡಗಿರುತ್ತದೆ. ಅದನ್ನು ತೂರಿಸುವಾಗ ಒಂದೊಂದು ಬಳೆಯೂ ಬೇರೆ ಸ್ಪರ್ಶಕಗಳನ್ನು ಸವರಿಕೊಂಡು ಹೋಗುವುದರಿಂದ ವಿದ್ಯುತ್ತೂ ಭೂಸಂಪರ್ಕವೂ ಕ್ಷಣಕಾಲ ಒಂದಾಗಬಹುದು. ಮೊದಲು ಗಣಕದ ಕೇಬಲನ್ನು ತೆಗೆದು, ಬಳಿಕವೇ ಇದನ್ನು ಮುಟ್ಟಬೇಕು.

ಜಾಗದ ಮಿತಿಯೂ ಒಂದುಂಟು. ಎರ್ಗೋಡಾಕ್ಸಿನ ಚಿಪ್ಪಿಗಿರುವುದು 32 ಕಿಲೋಬೈಟು ಸ್ಮೃತಿ. ಹೊಸ ಫರ್ಮ್‌ವೇರನ್ನು ಬರಮಾಡಿಕೊಳ್ಳುವ ಚಿಕ್ಕ ಪಾಠಕ್ಕೆ 512 ಬೈಟು ಬಿಟ್ಟರೆ ಉಳಿಯುವುದು 32,256 ಬೈಟು. ದೀಪಗಳ ಬಣ್ಣದಾಟವೂ ಬೇಕು, ಕೀಲಿಗಳಿಂದ ಮೌಸನ್ನು ಆಡಿಸುವುದೂ ಬೇಕು ಎಂದರೆ ಅದು ಬೇಗ ತುಂಬಿಹೋಗುತ್ತದೆ.

ನನ್ನ ಪರಿಚಿತರ ಮಣೆಯಲ್ಲಿ ಈಗ ಬಲ ಷಿಫ್ಟ್, ಅಳಿಸುವ ಕೀಲಿ, ಸಾಲು ಮುಗಿಸುವ ಕೀಲಿ ಮೂರೂ ಹೆಬ್ಬೆರಳುಗಳ ಕೆಳಗೆ ಬಂದಿವೆ. ಅವರು ಬರೆಯುವುದು ಹೆಚ್ಚಾಗಿ ಕನ್ನಡದಲ್ಲಿ, ಕೆ. ಪಿ. ರಾವ್ ವಿನ್ಯಾಸದಲ್ಲಿ. ಅದರಲ್ಲಿ ಒತ್ತಕ್ಷರವನ್ನು ಕೂಡಿಸಲು ಎಫ್ ಕೀಲಿಯನ್ನು ಒತ್ತಬೇಕು. 'ಕನ್ನಡ'ದ ಐದು ಅಂಕಿಗಳ ನಡುವಿನ 9 ಅದೇ. ಒತ್ತಕ್ಷರಗಳು ಹೇರಳವಾಗಿರುವ ನಮ್ಮ ಭಾಷೆಯಲ್ಲಿ ಈ ಕೆಲಸ ದಿನವಿಡೀ ಎಡಗೈಯ ತೋರುಬೆರಳೊಂದರ ಮೇಲೆಯೇ ಬೀಳುತ್ತದೆ. ಎಡ ಹೆಬ್ಬೆರಳಿನ ಕೀಲಿಗಳಲ್ಲಿ ಒಂದು ಇನ್ನೂ ಬರಿದಾಗಿತ್ತು. ಅದಕ್ಕೂ 9 ಎಂಬ ಅಂಕಿಯನ್ನೇ ಕೊಟ್ಟೆವು. ಕೋಷ್ಟಕದಲ್ಲಿ ಒಂದು ನಮೂದನ್ನು ತಿದ್ದಿ, ಫರ್ಮ್‌ವೇರನ್ನು ಮತ್ತೆ ತುಂಬಲು ಹತ್ತು ನಿಮಿಷವೂ ಹಿಡಿಯಲಿಲ್ಲ.